ಬಂದೂಕು ಪರವಾನಗಿ: ಪರಿಶೀಲನೆ ಮತ್ತು ದಾಖಲೆ

ಬಂದೂಕು ಕೊಳ್ಳುವ ಮೊದಲು ಪರವಾನಗಿಗಾಗಿ 2016ರ ಶಸ್ತ್ರಾಸ್ತ್ರ ನಿಯಮಗಳ ಎ-1 ನಮೂನೆಯಲ್ಲಿ ಜಿಲ್ಲಾಧಿಕಾರಿಗಳಿಗೆ, ಬೆಂಗಳೂರು ನಗರದಲ್ಲಾದರೆ ಪೊಲೀಸ್ ಆಯುಕ್ತರಿಗೆ, ಅರ್ಜಿ ಸಲ್ಲಿಸಬೇಕು. ಬಳಿಕ ಹತ್ತಿರದ ಠಾಣೆಯಿಂದ ಅರ್ಜಿದಾರರ ಬಗ್ಗೆ ವರದಿ ತರಿಸಿಕೊಳ್ಳಲಾಗುತ್ತದೆ. ಈ ಹಂತದಲ್ಲಿ ಹಳೆಯ ಪ್ರಕರಣವೇನಾದರೂ ಇದ್ದರೆ ದಯವಿಟ್ಟು ಮುಚ್ಚಿಡಬೇಡಿ. ಮುಖ್ಯ ಮಾಹಿತಿ ಮರೆಮಾಚಿ ಪಡೆದ ಪರವಾನಗಿಯನ್ನು ರದ್ದುಪಡಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆಯ 17ನೆಯ ಕಲಂ ಅವಕಾಶ ಕೊಡುತ್ತದೆ.

ಪರವಾನಗಿ ಕೈಸೇರಿದ ಮೇಲೆ ಅದರಲ್ಲಿನ ವಿಶಿಷ್ಟ ಗುರುತಿನ ಸಂಖ್ಯೆಯನ್ನೂ, ಖರೀದಿಯ ನಂತರ ಅದರಲ್ಲಿ ನಮೂದಾದ ಬಂದೂಕಿನ ಸಂಖ್ಯೆ ಆಯುಧದ ಮೇಲೆ ಕೊರೆದ ಸಂಖ್ಯೆಗೆ ಅಕ್ಷರಶಃ ಹೊಂದುತ್ತದೆಯೇ ಎಂಬುದನ್ನೂ ನೀವೇ ಪರಿಶೀಲಿಸಿ. ರಸೀದಿ ಮತ್ತು ಪರವಾನಗಿಯ ಪ್ರತಿಗಳನ್ನು ಬಂದೂಕಿನಿಂದ ಬೇರೆಡೆ ಇರಿಸಿ. ಕಳವಾದ ದಿನ ಠಾಣೆಯಲ್ಲಿ ಕೇಳುವುದು ಅವನ್ನೇ. ಕೊಡಗಿನಲ್ಲಿ ಬಂದೂಕು ಪರವಾನಗಿಯಿಂದ ವಿನಾಯಿತಿ ಪಡೆದವರೂ ವಿನಾಯಿತಿ ಪತ್ರವನ್ನು ಹೀಗೆಯೇ ಜೋಪಾನ ಮಾಡಬೇಕು.