ಅಮ್ಮನ ಚಮಚಕ್ಕೊಂದು ಹಿಡಿ: ಯಾವ ವಸ್ತುವಿನಲ್ಲಿ ಮಾಡುವುದು?

ನಮ್ಮ ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದವರು. ಈಗ ಸಂಧಿವಾತ. ಬೆರಳು ಪೂರ್ತಿ ಮಡಚುವುದಿಲ್ಲ. ಗಂಜಿ ಉಣ್ಣುವಾಗ ತೆಳ್ಳಗಿನ ಸ್ಟೀಲ್ ಚಮಚ ಕೈಯಿಂದ ಜಾರಿ ಬಟ್ಟಲಿಗೇ ಬೀಳುತ್ತಿತ್ತು. ನಾನು ಉಣ್ಣಿಸುತ್ತೇನೆ ಅಂದರೆ "ಬೊಡ್ಚಿ" ಅನ್ನುತ್ತಿದ್ದರು, ತುಳುವಿನಲ್ಲಿ ಬೇಡ ಅಂತ. ಇಷ್ಟು ವರ್ಷ ತಾನೇ ದುಡಿದು ಉಂಡ ಕೈ ಅದು. ಆ ಕೈಗೆ ಸರಿಯಾಗಿ ಕೂರುವ ದಪ್ಪ ಹಿಡಿಯೊಂದನ್ನು ಮನೆಯಲ್ಲೇ ಮಾಡೋಣ ಅಂತ ಹೊರಟೆ.

ಉಡುಪಿಯಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸ. ಮೆತ್ತುವುದು, ಸುತ್ತುವುದು, ಅಂಟಿಸುವುದು ದಿನದ ಕೆಲಸ. ಆದರೂ ಸರಿಯಾದ ವಸ್ತು ಸಿಗಲು ನಾಲ್ಕು ತಿಂಗಳು ಹಿಡಿಯಿತು. ನಿಮಗೆ ಅಷ್ಟು ಸಮಯ ಹೋಗಬಾರದು ಅಂತ ಬರೆಯುತ್ತಿದ್ದೇನೆ.

ವಸ್ತು ತರುವ ಮೊದಲು ಚಪಾತಿ ಹಿಟ್ಟು ಕಲಸಿ. ಚಮಚದ ಕಡ್ಡಿಗೆ ಹಿಟ್ಟು ಮೆತ್ತಿ ಅವರ ಕೈಗೆ ಕೊಡಿ. ಒಮ್ಮೆ ತೆಳ್ಳಗೆ, ಒಮ್ಮೆ ದಪ್ಪಗೆ, ಒಮ್ಮೆ ಇನ್ನೂ ದಪ್ಪಗೆ. ಯಾವುದನ್ನು ಹಿಡಿದಾಗ ಮುಖ ಸಡಿಲವಾಗುತ್ತದೋ ಅದರ ಸುತ್ತಳತೆಯನ್ನು ನೂಲಿನಿಂದ ಅಳೆದಿಟ್ಟುಕೊಳ್ಳಿ. ಹಿಟ್ಟು ಮರುದಿನಕ್ಕೆ ಬಿರಿಯುತ್ತದೆ, ನಮ್ಮ ಮಳೆಗಾಲದಲ್ಲಾದರೆ ಬೂಸ್ಟು ಹಿಡಿಯುತ್ತದೆ. ಅಳತೆಗೆ ಮಾತ್ರ ಅದು ಸಾಕು.

ಈ ಅಳತೆಯನ್ನು ಬೆಳಿಗ್ಗೆಯೇ ತೆಗೆಯಬೇಕು. ನಾನು ಮೊದಲ ಸಲ ಅಂಗಡಿ ಮುಚ್ಚಿ ಬಂದು ಸಂಜೆ ತೆಗೆದೆ. ಸಂಧಿವಾತದ ಕೈ ಎದ್ದ ಕೂಡಲೇ ಬಿಗಿಯಾಗಿರುತ್ತದೆ, ಊದಿಕೊಂಡಿರುತ್ತದೆ. ಹೊತ್ತು ಏರಿದ ಹಾಗೆ ಸಡಿಲವಾಗುತ್ತದೆ. ಸಂಜೆಯ ಕೈಗೆ ಮಾಡಿದ ಹಿಡಿ ಬೆಳಗಿನ ಗಂಜಿಗೆ ಪ್ರಯೋಜನಕ್ಕೆ ಬರಲಿಲ್ಲ.

ಆ ಮೊದಲ ಹಿಡಿ ಎಂ-ಸೀಲ್‌ನದು. ಕಲಸಿ ಮೆತ್ತುವ ಎಪಾಕ್ಸಿ ಅಂಟು ಅದು. ಅಂಗಡಿಯಲ್ಲಿ ಯಾವಾಗಲೂ ಇರುತ್ತದಲ್ಲ, ಅದಕ್ಕೇ ಕೈ ಹಾಕಿದೆ. ಎರಡು ಮುದ್ದೆಗಳನ್ನು ಸಮ ಪಾಲು ತೆಗೆದು ಬಣ್ಣ ಒಂದಾಗುವ ತನಕ ನಾದಬೇಕು. ಆಮೇಲೆ ಕಲ್ಲಿನ ಹಾಗೆ ಗಟ್ಟಿ. ಪೈಪು ಸೋರುವಲ್ಲಿಗೆ, ಒಡೆದ ಹಿಡಿಕೆಗೆ ಬಹಳ ಒಳ್ಳೆಯ ವಸ್ತು. ನೋವಿರುವ ಕೈಗೆ ಅಲ್ಲ. ಒಂದು ತೂಕ ಜಾಸ್ತಿ. ಇನ್ನೊಂದು, ಒಮ್ಮೆ ಗಟ್ಟಿಯಾದರೆ ತಿದ್ದಲು ಅರ ಹಾಕಿ ಉಜ್ಜುವುದೊಂದೇ ದಾರಿ. ಕಿರುಬೆರಳಿನ ಹತ್ತಿರ ಒಂದು ಏಣು ಅಮ್ಮನಿಗೆ ಒತ್ತುತ್ತಿತ್ತು. ಉಜ್ಜಿದಷ್ಟೂ ಇನ್ನೊಂದು ಕಡೆ ಒತ್ತಿತು. ನೀವು ಇದನ್ನೇ ಬಳಸುವುದಾದರೆ ಗ್ಲೌಸ್ ಹಾಕಿಕೊಳ್ಳಿ. ಹಸಿ ಎಪಾಕ್ಸಿ ಚರ್ಮಕ್ಕೆ ಒಳ್ಳೆಯದಲ್ಲ, ಉಜ್ಜುವಾಗ ಏಳುವ ಧೂಳೂ ಒಳಗೆ ಹೋಗಬಾರದು.

ಮಣ್ಣಿನಲ್ಲಿ ಮಾಡು ಅಂದವರೂ ಇದ್ದಾರೆ. ನಮ್ಮ ಕರಾವಳಿಯಲ್ಲಿ ಮಣ್ಣಿನ ಮೇಲೆ ನಂಬಿಕೆ ದೊಡ್ಡದು. 1860ರ ದಶಕದಲ್ಲಿ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚು ಮಾಡಲು ಶುರು ಮಾಡಿದ್ದೇ ಇಲ್ಲಿನ ಹೊಳೆಬದಿಯ ಆವೆಮಣ್ಣಿನಿಂದ. ಆದರೆ ಮಣ್ಣು ಒಣಗುವಾಗ ಕುಗ್ಗುತ್ತದೆ, ಸುಟ್ಟಾಗ ಮತ್ತೂ ಕುಗ್ಗುತ್ತದೆ. ಹಂಚಿಗೆ ಅಚ್ಚನ್ನೇ ಅಷ್ಟು ದೊಡ್ಡದು ಮಾಡಿದರಾಯಿತು. ಇಲ್ಲಿ ಅಚ್ಚು ಅಂದರೆ ಅಮ್ಮನ ಕೈ. ಅದನ್ನು ದೊಡ್ಡದು ಮಾಡಲು ಆಗುವುದಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್ ನೀರು ಕುಡಿದು ಪುಡಿಯಾಗುತ್ತದೆ. ಜೇನುಮೇಣ ಕೈಬಿಸಿಗೇ ಮೆತ್ತಗಾಗುತ್ತದೆ. ಬಟ್ಟೆ ಸುತ್ತಿ ಮೇಲೆ ಸೈಕಲ್ ಟ್ಯೂಬ್ ಎಳೆಯುವುದು ಅಕ್ಕನ ಉಪಾಯ. ಬೇಸಿಗೆಯಲ್ಲಿ ಚೆನ್ನಾಗಿತ್ತು. ಜೂನ್ ಬಂತು ನೋಡಿ, ಒಳಗಿನ ಬಟ್ಟೆ ಒಣಗಲೇ ಇಲ್ಲ. ವಾಸನೆ ಬಂದ ಮೇಲೆ ಬಿಚ್ಚಿ ಎಸೆದೆವು.

ಕೊನೆಗೆ ಕೈಗೆ ಹೊಂದಿದ್ದು ಬಿಸಿನೀರಿಗೆ ಮೆತ್ತಗಾಗುವ ಪ್ಲಾಸ್ಟಿಕ್ ಮಣಿ. ಹೆಸರು ಪಾಲಿಕ್ಯಾಪ್ರೊಲ್ಯಾಕ್ಟೋನ್. ಆನ್‌ಲೈನ್‌ನಲ್ಲಿ ಮೌಲ್ಡಬಲ್ ಪ್ಲಾಸ್ಟಿಕ್ ಬೀಡ್ಸ್ ಅಂತ ಹುಡುಕಿದರೆ ಸಿಗುತ್ತದೆ. ಸಾಬಕ್ಕಿಯ ಹಾಗೆ ಬಿಳಿ ಕಾಳು. ಸುಮಾರು 60 ಡಿಗ್ರಿಗೆ ಮೆತ್ತಗಾಗಿ ಗಾಜಿನ ಹಾಗೆ ಪಾರದರ್ಶಕವಾಗುತ್ತದೆ. ತಣಿದರೆ ಮತ್ತೆ ಬಿಳಿ, ಗಟ್ಟಿ. ತಪ್ಪಿದರೆ ಪುನಃ ಬಿಸಿನೀರಿಗೆ ಹಾಕಬಹುದು. ನನಗೆ ಬೇಕಾಗಿದ್ದದ್ದು ಇದೇ ಗುಣ. ಅಮ್ಮನ ಕೈ ಆರು ತಿಂಗಳ ಹಿಂದೆ ಇದ್ದ ಹಾಗೆ ಇವತ್ತು ಇಲ್ಲ. ಹಿಡಿಯೂ ಕೈಯ ಜೊತೆ ಬದಲಾಗಬೇಕಲ್ವಾ?

ಚಮಚದ ನುಣುಪು ಸ್ಟೀಲಿಗೆ ಇದು ಅಂಟುವುದಿಲ್ಲ, ಸುಮ್ನೆ ತಿರುಗುತ್ತದೆ. ನಾನು ಮೊದಲು ಕಡ್ಡಿಗೆ ವೈಂಡಿಂಗ್ ತಂತಿಯನ್ನು ಬಿಗಿಯಾಗಿ ಸುತ್ತಿದೆ. ನಿಮ್ಮಲ್ಲಿ ತಂತಿ ಇಲ್ಲದಿದ್ದರೆ ಕಡ್ಡಿಗೆ ಎರಡು ತೂತು ಕೊರೆದರೂ ಸಾಕು. ತಂತಿ ಪೂರ್ತಿ ಒಳಗೆ ಮುಚ್ಚಿಹೋಗಬೇಕು. ಬಾಯಿಗೆ ಹೋಗುವ ಕಡೆಯಿಂದ ನಾಲ್ಕು ಬೆರಳಿನಷ್ಟು ಜಾಗ ಬರಿದೇ ಬಿಡಿ.

ನೀರು ಕುದಿಯುತ್ತಿರಬಾರದು. ಥರ್ಮಾಮೀಟರ್ ಬೇಡ. ಎರಡು ಲೋಟ ಕುದಿನೀರಿಗೆ ಒಂದು ಲೋಟ ನಳ್ಳಿ ನೀರು ಸೇರಿಸಿದರೆ ಹೆಚ್ಚುಕಡಿಮೆ 70 ಡಿಗ್ರಿಗೆ ಬರುತ್ತದೆ. ಪಾತ್ರೆ ಸ್ಟೀಲಿನದೇ ಇರಲಿ, ಪ್ಲಾಸ್ಟಿಕ್ಕಿಗೆ ಮಣಿ ಹಿಡಿದುಕೊಳ್ಳಬಹುದು. ನನಗೆ 60 ಗ್ರಾಂ ಮಣಿ ಸಾಕಾಯಿತು. ಎಲ್ಲ ಪಾರದರ್ಶಕವಾದ ಮೇಲೆ ಸೌಟಿನಿಂದ ಎತ್ತಿ, ಕೈ ಒದ್ದೆ ಮಾಡಿಕೊಂಡು ಮುದ್ದೆ ಮಾಡಿ. ಮಧ್ಯೆ ಸಿಕ್ಕಿಬಿದ್ದ ಬಿಸಿನೀರನ್ನು ಹಿಂಡಿ ತೆಗೆಯಿರಿ. ಹೊರಗೆ ಹದವಾಗಿ ಕಂಡರೂ ಒಳಗೆ ಸುಡುತ್ತಿರುತ್ತದೆ. ಕಡ್ಡಿಗೆ ಮೆತ್ತಿ, ಮೊದಲು ನಿಮ್ಮ ಮುಂಗೈಗೆ ಒತ್ತಿ ನೋಡಿ. ಸಕ್ಕರೆ ಕಾಯಿಲೆಯಿಂದ ಕೈ ಮರಗಟ್ಟಿದವರಿಗೆ ಬಿಸಿ ಗೊತ್ತಾಗುವುದಿಲ್ಲ ಮಾರಾಯ್ರೆ, ಅವರ ಪರವಾಗಿ ನೀವೇ ನೋಡಬೇಕು. ಆಮೇಲೆ ಅವರ ಕೈಗೆ ಕೊಟ್ಟು, ಗಂಜಿ ಉಣ್ಣುವ ಹಾಗೆಯೇ ಚಮಚವನ್ನು ಬಾಯಿಯ ತನಕ ತರಲು ಹೇಳಿ. ಸುಮ್ಮನೆ ಮುಷ್ಟಿ ಹಿಡಿದರೆ ಬೇರೆಯೇ ಆಕಾರ ಬರುತ್ತದೆ. ಆಕಾರ ಕೂತ ಕೂಡಲೇ ತಣ್ಣೀರಿಗೆ ಅದ್ದಿ.

ಇದರ ದೋಷವೂ ಅದೇ 60 ಡಿಗ್ರಿ. ಮೊದಲ ವಾರವೇ ನಾನು ಚಮಚವನ್ನು ಶುದ್ಧ ಮಾಡಲು ಕುದಿನೀರಿಗೆ ಹಾಕಿ ಮರೆತೆ. ಹಿಡಿ ಕರಗಿ ಪಾತ್ರೆಯ ತಳದಲ್ಲಿ ಮುದ್ದೆಯಾಗಿತ್ತು. ಅಮ್ಮ ಆ ದಿನ ಉಪವಾಸ ಇದ್ದವರ ಹಾಗೆ ಕೂತಿದ್ದರು. ಈಗ ತಣ್ಣೀರಲ್ಲಿ ಸಾಬೂನು ಹಾಕಿ ತೊಳೆಯುತ್ತೇವೆ. ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗೆ ಬಿಡುವುದಿಲ್ಲ. ಒಲೆಯಿಂದ ಇಳಿಸಿದ ಗಂಜಿ ಪಾತ್ರೆಯಲ್ಲಿ ಚಮಚ ಇಟ್ಟು ಹೋಗುವುದಿಲ್ಲ.

ಸೌಟಿಗೆ ಮಾತ್ರ ಈ ಮಣಿ ನಡೆಯುವುದಿಲ್ಲ. ಸಾರನ್ನು ತಾನೇ ಕದಡಬೇಕು ಅಂತ ಅಮ್ಮನಿಗೆ ಆಸೆ. ಅದಕ್ಕೆ ಹಲ್ಲಿನ ಅಚ್ಚು ತೆಗೆಯುವ ಸಿಲಿಕೋನ್ ಪುಟ್ಟಿ ತಂದೆ. ದಂತ ವೈದ್ಯರಿಗೆ ಸಾಮಾನು ಮಾರುವವರ ಹತ್ತಿರ ಇರುತ್ತದೆ. ಎರಡು ಡಬ್ಬಿ, ಎರಡು ಬಣ್ಣ, ಸಮ ಪಾಲು ನಾದಿದರೆ ಕೆಲವೇ ನಿಮಿಷಗಳಲ್ಲಿ ರಬ್ಬರಿನ ಹಾಗಾಗುತ್ತದೆ. ಅಡುಗೆಮನೆಯ ಬಿಸಿಗೆ ಕರಗುವುದಿಲ್ಲ, ಆದರೂ ಬೆಂಕಿಗೆ ತಾಗಿಸಬೇಡಿ. ನನ್ನ ಮೊದಲ ಮುದ್ದೆ ಗಂಟೆ ಕಳೆದರೂ ಅಂಟಂಟಾಗಿಯೇ ಇತ್ತು. ಕಾರಣ ನಾನು ಹಾಕಿದ್ದ ಲ್ಯಾಟೆಕ್ಸ್ ಗ್ಲೌಸ್. ಅದರ ಗಂಧಕದ ಅಂಶ ಈ ಸಿಲಿಕೋನನ್ನು ಗಟ್ಟಿಯಾಗಲು ಬಿಡುವುದಿಲ್ಲ. ಬರಿಗೈಯಲ್ಲಿ, ಇಲ್ಲವೇ ವಿನೈಲ್ ಗ್ಲೌಸ್ ಹಾಕಿ ನಾದಿ. ಇದೂ ಸ್ಟೀಲಿಗೆ ಅಂಟುವುದಿಲ್ಲ. ಸೌಟಿನ ಕಡ್ಡಿಗೆ ತೂತು ಕೊರೆದು ಪುಟ್ಟಿ ಆರಪಾರ ಹೋಗುವಂತೆ ಒತ್ತಿ. ಅರ್ಧ ಬೆರಳಿಗಿಂತ ತೆಳ್ಳಗಾದರೆ ಹರಿಯುತ್ತದೆ. ನಮ್ಮದು ಒಂದು ಮೂಲೆಯಲ್ಲಿ ಹರಿದಿದೆ. ತಿದ್ದಲಾಗದು, ಹೊಸತೇ ಮಾಡಬೇಕು.

ಹಿಡಿ ಕೊಟ್ಟ ಮೇಲೂ ಒಂದು ವಾರ ಊಟವಾದ ಕೂಡಲೇ ಅವರ ಅಂಗೈ ನೋಡಿ. ಕೆಂಪು ಗುರುತು ಇದ್ದು, ಕೈ ತೊಳೆದು ಸ್ವಲ್ಪ ಹೊತ್ತಾದರೂ ಮಾಸದಿದ್ದರೆ ಆ ಜಾಗ ಒತ್ತುತ್ತಿದೆ ಅಂತ ಅರ್ಥ. ಇಡೀ ಹಿಡಿ ಕರಗಿಸಬೇಡಿ. ಅಷ್ಟೇ ಭಾಗಕ್ಕೆ ಚಮಚದಿಂದ ಬಿಸಿನೀರು ಹೊಯ್ಯುತ್ತಾ ಬನ್ನಿ, ಮೇಲ್ಮೈ ಪಾರದರ್ಶಕವಾದಾಗ ಒದ್ದೆ ಹೆಬ್ಬೆರಳಿನಿಂದ ಒತ್ತಿ. ಅಮ್ಮನ ಹಿಡಿಯನ್ನು ಹೀಗೆ ಮೂರು ಸಲ ತಿದ್ದಿದ್ದೇನೆ. ಹೆಬ್ಬೆರಳು ಕೂರುವಲ್ಲಿ ನನ್ನ ಹೆಬ್ಬೆರಳಿನ ಗುರುತು ಹಾಗೆಯೇ ಉಳಿದಿದೆ. ಅದನ್ನು ಉಜ್ಜಿ ತೆಗೆಯಲು ಅವರು ಬಿಡುವುದಿಲ್ಲ.