ಇಮ್ಯುನಿಟಿ ಜೀನ್ ಮತ್ತು ಸ್ತನ ಕ್ಯಾನ್ಸರ್: ಸುದ್ದಿಯನ್ನು ಓದುವುದು ಹೇಗೆ, ಓದಿದ ಮೇಲೆ ಮಾಡಬೇಕಾದದ್ದೇನು

ಏಷ್ಯಾದ ಹೆಣ್ಣುಮಕ್ಕಳಲ್ಲಿ ರೋಗನಿರೋಧಕ ಶಕ್ತಿಗೆ ಸೇರಿದ ಯಾವುದೋ ಜೀನ್ ಸ್ತನ ಕ್ಯಾನ್ಸರ್ ಅಪಾಯವನ್ನು ಹೆಚ್ಚಿಸುತ್ತದೆ ಅನ್ನುವ ಸುದ್ದಿ ಆಗಾಗ ಕಣ್ಣಿಗೆ ಬೀಳುತ್ತದೆ. ಓದಿದ ಕೂಡಲೇ ಎದೆ ಧಸಕ್ಕೆನ್ನುತ್ತದೆ. ಕೆಲವರು ಅವತ್ತೇ ಜೀನ್ ಟೆಸ್ಟ್ ಎಲ್ಲಿ ಮಾಡಿಸುವುದು ಅಂತ ಹುಡುಕಲು ಶುರು ಮಾಡುತ್ತಾರೆ. ಇನ್ನು ಕೆಲವರು ಇವೆಲ್ಲ ನಮಗಲ್ಲ ಅಂತ ಪಕ್ಕಕ್ಕಿಡುತ್ತಾರೆ. ಎರಡೂ ಬೇಡ. ಈ ಸುದ್ದಿಯಲ್ಲಿ ನಿಜವಾದ ವಿಜ್ಞಾನ ಇದೆ, ಆದರೆ ಒಬ್ಬ ಹೆಂಗಸು ಇವತ್ತು ಏನು ಮಾಡಬೇಕು ಅನ್ನುವ ಪ್ರಶ್ನೆಗೆ ಉತ್ತರ ಬಹಳ ಸಲ ಆ ಜೀನ್‌ನಲ್ಲಿ ಇರುವುದಿಲ್ಲ, ಅವಳ ಮನೆತನದ ಕಾಯಿಲೆಗಳ ಚರಿತ್ರೆಯಲ್ಲಿ ಇರುತ್ತದೆ.

ಮೊದಲು ಕೇಳಿ: ಯಾವ ಜೀನ್? ಹುಟ್ಟಿನಿಂದ ಬಂದದ್ದೋ, ಗಡ್ಡೆಯೊಳಗಿನದೋ?

ಹತ್ತರಲ್ಲಿ ಎಂಟು ಗೊಂದಲ ಇಲ್ಲೇ ಹುಟ್ಟುತ್ತದೆ ಅಂತ ನನಗನ್ನಿಸುತ್ತದೆ. ಅಪ್ಪ ಅಮ್ಮನಿಂದ ಬಂದ ಜೀನ್ ದೇಹದ ಪ್ರತಿ ಜೀವಕೋಶದಲ್ಲೂ ಇರುತ್ತದೆ, ರಕ್ತ ಅಥವಾ ಎಂಜಲಿನಲ್ಲಿ ಕಾಣುತ್ತದೆ. ಕ್ಯಾನ್ಸರ್ ಬರುವ ಸಾಧ್ಯತೆ ಎಷ್ಟು ಅನ್ನುವ ಮಾತು ಅದಕ್ಕೆ ಸೇರಿದ್ದು. ಗಡ್ಡೆ ಬೆಳೆದ ಮೇಲೆ ಅದರೊಳಗೆ ಆದ ಬದಲಾವಣೆಗಳ ವಿಚಾರವೇ ಬೇರೆ. ಅವು ಮಕ್ಕಳಿಗೆ ಹೋಗುವುದಿಲ್ಲ, ಯಾವ ಚಿಕಿತ್ಸೆ ಹಿಡಿಸಬಹುದು ಅನ್ನುವುದಕ್ಕೆ ಮುಖ್ಯವಾಗಿ ಉಪಯೋಗ.

ಉದಾಹರಣೆಗೆ, 2020ರಲ್ಲಿ ಮಲೇಷ್ಯಾದ 560 ರೋಗಿಗಳ ಸ್ತನ ಗಡ್ಡೆಗಳನ್ನು ಓದಿದ ದೊಡ್ಡ ಅಧ್ಯಯನ ಬಂತು. ಯುರೋಪ್ ಮೂಲದವರ ಗಡ್ಡೆಗಳಿಗೆ ಹೋಲಿಸಿದರೆ ಇವುಗಳಲ್ಲಿ ಕ್ಯಾನ್ಸರ್ ತಡೆಯುವ ಟಿಪಿ53 ಜೀನ್‌ನ ಬದಲಾವಣೆ ಜಾಸ್ತಿ, ಹರ್2 (ಕೋಶಗಳನ್ನು ಬೆಳೆಸುವ ಒಂದು ಪ್ರೋಟೀನ್) ಬಗೆಯ ಗಡ್ಡೆಗಳು ಜಾಸ್ತಿ, ರೋಗನಿರೋಧಕ ಕೋಶಗಳ ಓಡಾಟವೂ ಜಾಸ್ತಿ ಅಂತ ಅದರಲ್ಲಿ ಕಂಡಿತು. ಇದನ್ನೇ ಯಾರಾದರೂ "ಏಷ್ಯಾದವರಿಗೆ ಇಮ್ಯುನಿಟಿ ಜೀನ್‌ನಿಂದ ಕ್ಯಾನ್ಸರ್" ಅಂತ ಬರೆದರೆ ಅದು ಪೂರ್ತಿ ತಪ್ಪು. ಆ ಅಧ್ಯಯನ ಕಾಯಿಲೆ ಬಂದವರ ಗಡ್ಡೆ ಹೇಗಿದೆ ಅಂತ ಹೇಳುತ್ತದೆ, ಯಾರಿಗೆ ಬರುತ್ತದೆ ಅಂತಲ್ಲ.

ಎಪೊಬೆಕ್3ಬಿ: ಇದೊಂದನ್ನು ಸರಿಯಾಗಿ ತಿಳಿದುಕೊಳ್ಳಿ

ಏಷ್ಯಾ, ಇಮ್ಯುನಿಟಿ, ಸ್ತನ ಕ್ಯಾನ್ಸರ್ ಮೂರೂ ಒಟ್ಟಿಗೆ ಬಂದಾಗ ಹೆಚ್ಚಾಗಿ ಕೇಳಿಬರುವ ಹೆಸರು ಇದು. ಎಪೊಬೆಕ್3 ಅನ್ನುವ ಕುಟುಂಬದ ಕಿಣ್ವಗಳು ನಮ್ಮ ದೇಹವನ್ನು ವೈರಸ್‌ಗಳಿಂದ ಕಾಯುತ್ತವೆ. ಒಳಗೆ ನುಗ್ಗಿದ ವೈರಸ್‌ನ ಡಿಎನ್‌ಎಯಲ್ಲಿ ಅಕ್ಷರ ತಿದ್ದಿ ಅದನ್ನು ಕೆಲಸಕ್ಕೆ ಬಾರದ ಹಾಗೆ ಮಾಡುವುದು ಇವುಗಳ ಕೆಲಸ. ತೊಂದರೆ ಏನೆಂದರೆ ಕೆಲವೊಮ್ಮೆ ಇವು ನಮ್ಮದೇ ಡಿಎನ್‌ಎಯನ್ನೂ ತಿದ್ದಿಬಿಡುತ್ತವೆ, ಹಾಗೆ ತಿದ್ದಿದ ಗುರುತುಗಳು ಸ್ತನ ಕ್ಯಾನ್ಸರ್ ಗಡ್ಡೆಗಳಲ್ಲಿ ಸಿಗುತ್ತವೆ.

ಕೆಲವರಲ್ಲಿ ಹುಟ್ಟಿನಿಂದಲೇ ಸುಮಾರು 29,500 ಅಕ್ಷರಗಳ ಒಂದು ಡಿಎನ್‌ಎ ತುಂಡು ಇರುವುದಿಲ್ಲ. ಅದರ ಜೊತೆಗೆ ಎಪೊಬೆಕ್3ಬಿ ಜೀನ್ ಕೂಡ ಹೆಚ್ಚುಕಡಿಮೆ ಪೂರ್ತಿ ಹೋಗಿರುತ್ತದೆ. 2007ರಲ್ಲಿ ಬಂದ ಲೆಕ್ಕದ ಪ್ರಕಾರ ಜೀನ್‌ನ ಒಟ್ಟು ಪ್ರತಿಗಳಲ್ಲಿ (ಕಾಪಿಗಳಲ್ಲಿ) ಈ ತುಂಡು ಇಲ್ಲದವು ಆಫ್ರಿಕಾದವರಲ್ಲಿ ಶೇ. 1ರಷ್ಟು, ಯುರೋಪಿನವರಲ್ಲಿ ಶೇ. 6ರಷ್ಟು, ಪೂರ್ವ ಏಷ್ಯಾದವರಲ್ಲಿ ಸುಮಾರು ಶೇ. 37. ಒಬ್ಬೊಬ್ಬರಿಗೂ ಎರಡೆರಡು ಪ್ರತಿ ಇರುತ್ತವಲ್ಲ, ಹಾಗಾಗಿ ಲೆಕ್ಕ ಹಾಕಿದರೆ ಪೂರ್ವ ಏಷ್ಯಾದ 10 ಜನರಲ್ಲಿ ಸುಮಾರು 6 ಜನ ಇಂಥ ಪ್ರತಿ ಒಂದನ್ನಾದರೂ ಹೊತ್ತಿರುತ್ತಾರೆ. ಈ ಸಂಖ್ಯೆಯನ್ನು ನೆನಪಿಡಿ. ಅರ್ಧಕ್ಕಿಂತ ಜಾಸ್ತಿ ಜನರಲ್ಲಿರುವ ವಿಷಯ ಇದು, ಯಾರದೋ ಮನೆಗೆ ಅಂಟಿದ ಶಾಪ ಅಲ್ಲ.

2013ರಲ್ಲಿ ಶಾಂಘೈನ ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ, ಒಂದು ಪ್ರತಿಯಲ್ಲಿ ತುಂಡು ಇಲ್ಲದಿದ್ದರೆ ಸ್ತನ ಕ್ಯಾನ್ಸರ್ ಅಪಾಯ 1.31 ಪಟ್ಟು, ಎರಡರಲ್ಲೂ ಇಲ್ಲದಿದ್ದರೆ 1.76 ಪಟ್ಟು ಅಂತ ಕಂಡುಬಂತು. ಆಮೇಲೆ ಮಲೇಷ್ಯಾದ ಮಹಿಳೆಯರಲ್ಲೂ ನಂಟು ಕಾಣಿಸಿತು. ಆದರೆ ಸ್ವೀಡನ್ ಮತ್ತು ನಾರ್ವೆಯ ಅಧ್ಯಯನಗಳಲ್ಲಿ ಅಂಥ ಅಪಾಯ ಕಾಣಲಿಲ್ಲ.

ಇನ್ನೊಂದು ವಿಚಿತ್ರ ಇದೆ, ನನಗೆ ಇಡೀ ಕಥೆಯಲ್ಲಿ ಅತಿ ಕುತೂಹಲದ ಭಾಗ ಇದೇ. ಡಿಎನ್‌ಎ ತಿದ್ದುವ ಜೀನ್ ಹೋದರೆ ತಿದ್ದುಪಡಿ ಕಡಿಮೆ ಆಗಬೇಕು ಅಲ್ವಾ? ಆದರೆ ತುಂಡು ಇಲ್ಲದವರ ಗಡ್ಡೆಗಳಲ್ಲಿ ಈ ಬಗೆಯ ತಿದ್ದುಪಡಿಗಳು ಜಾಸ್ತಿಯೇ ಕಂಡವು. ತುಂಡು ಬಿದ್ದುಹೋದ ಜಾಗದಲ್ಲಿ ಪಕ್ಕದ ಎಪೊಬೆಕ್3ಎ ಜೀನ್‌ಗೆ ಎಪೊಬೆಕ್3ಬಿಯ ಬಾಲ ಅಂಟಿಕೊಳ್ಳುತ್ತದೆ, ಹಾಗೆ ಅಂಟಿದ ಸಂದೇಶ ಜೀವಕೋಶದಲ್ಲಿ ಹೆಚ್ಚು ಹೊತ್ತು ಉಳಿದು 3ಎ ಕಿಣ್ವ ಜಾಸ್ತಿ ತಯಾರಾಗುತ್ತದೆ ಅನ್ನುವುದು ಇದಕ್ಕೆ ಕೊಡುವ ಒಂದು ವಿವರಣೆ. ಅಂದರೆ "ಇಮ್ಯುನಿಟಿ ಕಮ್ಮಿ ಆಯಿತು, ಅದಕ್ಕೇ ಕ್ಯಾನ್ಸರ್ ಬಂತು" ಅನ್ನುವ ಸರಳ ಕಥೆ ಇಲ್ಲಿ ನಡೆಯುವುದಿಲ್ಲ. ಇದನ್ನೇ ಹಿಡಿದುಕೊಂಡು ಇಮ್ಯುನಿಟಿ ಹೆಚ್ಚಿಸುವ ಪುಡಿ, ಮಾತ್ರೆ ಮಾರುವವರು ಬಂದರೆ ದಯವಿಟ್ಟು ದುಡ್ಡು ಕೊಡಬೇಡಿ. ಇಲ್ಲದ ಡಿಎನ್‌ಎ ತುಂಡನ್ನು ಯಾವ ಪುಡಿಯೂ ತಂದುಕೊಡುವುದಿಲ್ಲ.

'ಪಟ್ಟು' ಅಂತ ಕಂಡರೆ ನೂರು ಜನರಿಗೆ ತಂದು ನೋಡಿ

1.76 ಪಟ್ಟು ಅಂದರೆ ಶೇ. 76 ಹೆಚ್ಚು, ಕೇಳಲು ಭಯಂಕರ. ಲೆಕ್ಕ ಸುಲಭವಾಗಲಿ ಅಂತ ಹೀಗೆ ಅಂದುಕೊಳ್ಳಿ: ಆ ತುಂಡು ಎರಡು ಪ್ರತಿಯಲ್ಲೂ ಇರುವ 100 ಹೆಂಗಸರಲ್ಲಿ ಜೀವಮಾನದಲ್ಲಿ 5 ಜನರಿಗೆ ಸ್ತನ ಕ್ಯಾನ್ಸರ್ ಬರುತ್ತದೆ. ಹಾಗಾದರೆ ಒಂದು ಪ್ರತಿಯಲ್ಲಿ ಇಲ್ಲದ 100 ಜನರಲ್ಲಿ ಆರೇಳು ಮಂದಿಗೆ, ಎರಡರಲ್ಲೂ ಇಲ್ಲದ 100 ಜನರಲ್ಲಿ ಸುಮಾರು 9 ಮಂದಿಗೆ. ಉಳಿದ 91 ಜನರಿಗೆ ಬರುವುದಿಲ್ಲ.

ಈಗ ಇದರ ಪಕ್ಕದಲ್ಲಿ ಬಿಆರ್‌ಸಿಎ ಇಡಿ, ಅಂದರೆ ಹಾಳಾದ ಡಿಎನ್‌ಎಯನ್ನು ರಿಪೇರಿ ಮಾಡುವ ಜೀನ್‌ಗಳನ್ನು. ಬಿಆರ್‌ಸಿಎ1 ಅಥವಾ ಬಿಆರ್‌ಸಿಎ2 ಜೀನ್‌ನಲ್ಲಿ ಹಾನಿಕರ ಬದಲಾವಣೆ ಇದ್ದವರಲ್ಲಿ 80 ವರ್ಷದ ಹೊತ್ತಿಗೆ 100ರಲ್ಲಿ ಸುಮಾರು 70 ಜನರಿಗೆ ಸ್ತನ ಕ್ಯಾನ್ಸರ್ ಬರುತ್ತದೆ ಅಂತ 2017ರ ದೊಡ್ಡ ಅಧ್ಯಯನ ಹೇಳಿದೆ. ಎಲ್ಲಿ 9, ಎಲ್ಲಿ 70! ಇದಕ್ಕೇ ವೈದ್ಯರು ಬಿಆರ್‌ಸಿಎ ಟೆಸ್ಟ್ ಬರೆದುಕೊಡುತ್ತಾರೆ, ಎಪೊಬೆಕ್3ಬಿ ಟೆಸ್ಟ್ ಬರೆಯುವುದಿಲ್ಲ.

ಎಷ್ಟು ಜನರ ಮೇಲೆ ನೋಡಿದರು, ಯಾವ ಏಷ್ಯಾ?

ಸಿಟಿಎಲ್‌ಎ4, ಟಿಎನ್‌ಎಫ್, ಐಎಲ್10, ಎಚ್‌ಎಲ್‌ಎ ಗುಂಪಿನ ಜೀನ್‌ಗಳು, ಹೀಗೆ ಇಮ್ಯುನಿಟಿ ಜೀನ್‌ಗಳನ್ನು ಒಂದೊಂದಾಗಿ ಹಿಡಿದು ನೋಡಿದ ಅಧ್ಯಯನಗಳು ಬೇಕಾದಷ್ಟಿವೆ. ಹಲವು ಚಿಕ್ಕವು, ಕೆಲವು ನೂರು ಮಹಿಳೆಯರ ಮೇಲೆ ಮಾಡಿದವು, ಒಂದು ಹೌದು ಅಂದರೆ ಇನ್ನೊಂದು ಇಲ್ಲ ಅನ್ನುತ್ತದೆ. ಇಡೀ ಜೀನೋಮ್ (ಒಬ್ಬರ ಡಿಎನ್‌ಎ ಪೂರ್ತಿ) ಜಾಲಾಡುವ ಅಧ್ಯಯನಗಳಲ್ಲಿ, ಸುಮ್ನೆ ಅದೃಷ್ಟದಿಂದ ಹೀಗೆ ಕಾಣುವ ಸಾಧ್ಯತೆ 10 ಕೋಟಿಯಲ್ಲಿ 5ಕ್ಕಿಂತ ಕಡಿಮೆ ಇದ್ದರೆ ಮಾತ್ರ ಒಪ್ಪುತ್ತಾರೆ. ಆಮೇಲೂ ಬೇರೆ ಜನರಲ್ಲಿ ಮತ್ತೆ ನೋಡುತ್ತಾರೆ. ಚಿಕ್ಕ ಅಧ್ಯಯನ ಒಂದನ್ನೇ ನಂಬಿ ನಿದ್ದೆ ಕೆಡಿಸಿಕೊಳ್ಳಬೇಡಿ.

'ಏಷ್ಯಾ' ಅಂದರೆ ಇಂಥ ಅಧ್ಯಯನಗಳಲ್ಲಿ ಬಹುಪಾಲು ಚೀನಾ, ಜಪಾನ್, ಕೊರಿಯಾ. ದಕ್ಷಿಣ ಏಷ್ಯಾದ ಮಹಿಳೆಯರು ಬಹಳ ಕಡಿಮೆ. ಶಾಂಘೈನ ಸಂಖ್ಯೆಯನ್ನು ಹಾಗೇ ತಂದು ಭಾರತದ ಹೆಣ್ಣುಮಕ್ಕಳಿಗೆ ಹಚ್ಚುವುದು ಸರಿಯಲ್ಲ. ನಮ್ಮವರನ್ನು ಸಾಕಷ್ಟು ಸಂಖ್ಯೆಯಲ್ಲಿ ಸೇರಿಸಿಕೊಳ್ಳದೆ ಇರುವುದು ನನಗೆ ನಿಜಕ್ಕೂ ಬೇಸರದ ವಿಷಯ, ಯಾಕೆಂದರೆ ಅದರ ಪೆಟ್ಟು ಟೆಸ್ಟ್ ರಿಪೋರ್ಟಿನಲ್ಲೂ ಬೀಳುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ನೂರಾರು ಚಿಕ್ಕ ಬದಲಾವಣೆಗಳನ್ನು ಕೂಡಿಸಿ ಒಂದೇ ಅಂಕ ಕೊಡುವ ಪದ್ಧತಿಯೂ ಬಂದಿದೆ. 2019ರಲ್ಲಿ ಯುರೋಪಿನವರ ಮಾಹಿತಿಯಿಂದ 313 ಗುರುತುಗಳ ಪಟ್ಟಿ ಮಾಡಿದರು, 2020ರಲ್ಲಿ ಅದರ ಬಹುಪಾಲನ್ನು ಏಷ್ಯಾದ ಮಹಿಳೆಯರಲ್ಲಿ ನೋಡಿದಾಗ ಅಲ್ಲೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಕೆಲಸ ಮಾಡಿತು. ಒಂದೇ ಜೀನ್‌ಗಿಂತ ಇದು ವಾಸಿ. ಆದರೂ ಒಬ್ಬಳಿಗೆ ಕ್ಯಾನ್ಸರ್ ಬರುತ್ತದೋ ಇಲ್ಲವೋ ಅಂತ ಬೆರಳಿಟ್ಟು ಹೇಳುವಷ್ಟು ಅದು ಬೆಳೆದಿಲ್ಲ.

ಈಗ ಕೆಲಸ: ಮನೆತನದ ಪಟ್ಟಿ ಮಾಡಿ

ಒಂದು ಹಾಳೆ ತೆಗೆದುಕೊಳ್ಳಿ. ಅಮ್ಮನ ಕಡೆ, ಅಪ್ಪನ ಕಡೆ ಎರಡೂ ಬರೆಯಿರಿ. ಅಪ್ಪನ ಕಡೆಯನ್ನು ಬಿಡುವುದೇ ಎಲ್ಲರೂ ಮಾಡುವ ತಪ್ಪು. ಬಿಆರ್‌ಸಿಎ ಬದಲಾವಣೆ ಅಪ್ಪನಿಂದಲೂ ಅಷ್ಟೇ ಸಲೀಸಾಗಿ ಬರುತ್ತದೆ, ಹಾಗಾಗಿ ಸೋದರತ್ತೆಯರು, ಅಪ್ಪನ ಅಮ್ಮ ಎಲ್ಲರೂ ಲೆಕ್ಕಕ್ಕೆ ಬರಬೇಕು. ಪ್ರತಿಯೊಬ್ಬರಿಗೂ ಯಾವ ಕ್ಯಾನ್ಸರ್, ಯಾವ ವಯಸ್ಸಿನಲ್ಲಿ, ಒಂದು ಸ್ತನವೋ ಎರಡೂನೋ ಅಂತ ಕೇಳಿ ಬರೆದಿಡಿ. ಹಿರಿಯರು "ಹೊಟ್ಟೆಯಲ್ಲಿ ಗಡ್ಡೆ ಆಗಿತ್ತು" ಅಂದರೆ ಅಲ್ಲಿಗೇ ಬಿಡಬೇಡಿ, ಅದು ಅಂಡಾಶಯದ ಕ್ಯಾನ್ಸರ್ ಇರಬಹುದು, ಹಳೆಯ ಆಸ್ಪತ್ರೆ ಚೀಟಿ ಇದ್ದರೆ ಹುಡುಕಿಸಿ. ಮನೆಯಲ್ಲಿ ಈ ಮಾತು ತೆಗೆಯುವುದು ಕಷ್ಟ, ನನಗೆ ಗೊತ್ತು, ಎಷ್ಟೋ ಮನೆಗಳಲ್ಲಿ ಕ್ಯಾನ್ಸರ್ ಅನ್ನುವ ಶಬ್ದವನ್ನೇ ಆಡುವುದಿಲ್ಲ. ಆದರೂ ಕೇಳಿ. ಅಕ್ಕ ತಂಗಿಯರ, ಮಕ್ಕಳ ಜೀವದ ಪ್ರಶ್ನೆ ಇದು.

ಪಟ್ಟಿಯಲ್ಲಿ ಇವು ಕಂಡರೆ ಜೆನೆಟಿಕ್ ಕೌನ್ಸೆಲರ್ (ಅನುವಂಶಿಕ ಕಾಯಿಲೆಗಳ ಸಲಹೆಗಾರರು) ಅಥವಾ ಕ್ಯಾನ್ಸರ್ ವೈದ್ಯರನ್ನು ನೋಡಬೇಕು:

- 50 ವರ್ಷದೊಳಗೆ ಸ್ತನ ಕ್ಯಾನ್ಸರ್ ಬಂದವರು
- ಯಾವ ವಯಸ್ಸಿನಲ್ಲೇ ಆಗಲಿ ಅಂಡಾಶಯದ ಕ್ಯಾನ್ಸರ್
- ಗಂಡಸರಲ್ಲಿ ಸ್ತನ ಕ್ಯಾನ್ಸರ್
- ಟ್ರಿಪಲ್ ನೆಗೆಟಿವ್ ಅನ್ನುವ ಬಗೆಯ ಸ್ತನ ಕ್ಯಾನ್ಸರ್ (ಎರಡು ಹಾರ್ಮೋನ್ ರಿಸೆಪ್ಟರ್, ಹರ್2 ಮೂರಕ್ಕೂ ಟೆಸ್ಟ್ ನೆಗೆಟಿವ್ ಬಂದದ್ದು)
- ಒಂದೇ ಕಡೆಯ ಸಂಬಂಧಿಕರಲ್ಲಿ ಇಬ್ಬರು ಮೂವರಿಗೆ

ಟೆಸ್ಟ್ ಮಾಡಿಸುವುದಾದರೆ ಆದಷ್ಟೂ ಕಾಯಿಲೆ ಬಂದವರಿಂದಲೇ ಶುರು ಮಾಡಿ. ಅವರಲ್ಲಿ ಬದಲಾವಣೆ ಸಿಕ್ಕರೆ ಉಳಿದವರಲ್ಲಿ ಅದೊಂದನ್ನೇ ಹುಡುಕಿದರೆ ಸಾಕು, ಆಗ 'ಇಲ್ಲ' ಅನ್ನುವ ಉತ್ತರಕ್ಕೂ ನಿಜವಾದ ಬೆಲೆ ಇರುತ್ತದೆ. ಕಾಯಿಲೆ ಇಲ್ಲದವರಿಂದ ಶುರು ಮಾಡಿ ಏನೂ ಸಿಗದಿದ್ದರೆ ಅದು ಸಮಾಧಾನ ಪಡುವ ಉತ್ತರವೋ ಅಲ್ಲವೋ ತಿಳಿಯುವುದಿಲ್ಲ.

ಮನೆಗೆ ತರಿಸಿ ಎಂಜಲು ತುಂಬಿ ಕಳಿಸುವ ಕಿಟ್‌ಗಳನ್ನು ಇದಕ್ಕೆ ನಂಬಬೇಡಿ. ಬಿಆರ್‌ಸಿಎ ಜೀನ್‌ಗಳಲ್ಲಿ ಸಾವಿರಾರು ಬಗೆಯ ಹಾನಿಕರ ಬದಲಾವಣೆಗಳಿವೆ, ಇಂಥ ಕೆಲವು ಕಿಟ್‌ಗಳು ಬೆರಳೆಣಿಕೆಯಷ್ಟನ್ನು ಮಾತ್ರ ನೋಡುತ್ತವೆ. ಜೀನ್ ಪೂರ್ತಿ ಓದುವ ಟೆಸ್ಟ್ ಬೇಕು ಅಂತ ಕೇಳಿ. ಟೆಸ್ಟಿಗೆ ಮೊದಲೂ ರಿಪೋರ್ಟ್ ಬಂದ ಮೇಲೂ ಕೌನ್ಸೆಲರ್ ಜೊತೆ ಕೂತು ಮಾತಾಡಿ.

ವಯಸ್ಸು, ಸ್ಕ್ಯಾನ್

ಏಷ್ಯಾದ ಹಲವು ದೇಶಗಳಲ್ಲಿ ಸ್ತನ ಕ್ಯಾನ್ಸರ್ ಪಶ್ಚಿಮದ ದೇಶಗಳಿಗಿಂತ ಚಿಕ್ಕ ವಯಸ್ಸಿನಲ್ಲಿ, 40ರಿಂದ 50ರ ಆಸುಪಾಸಿನಲ್ಲಿ ಜಾಸ್ತಿ ಕಾಣುತ್ತದೆ. ಇದೆಲ್ಲ ಜೀನ್‌ನಿಂದಲೇ ಅಲ್ಲ, ಜನಸಂಖ್ಯೆಯಲ್ಲಿ ಕಿರಿಯರು ಹೆಚ್ಚು ಇರುವುದೂ ಒಂದು ಕಾರಣ. ಜೊತೆಗೆ ಏಷ್ಯಾದ ಅನೇಕ ಹೆಂಗಸರ ಸ್ತನದ ಅಂಗಾಂಶ ದಟ್ಟವಾಗಿರುತ್ತದೆ. ಮ್ಯಾಮೊಗ್ರಾಮ್‌ನಲ್ಲಿ (ಸ್ತನದ ಎಕ್ಸ್‌ರೇಯಲ್ಲಿ) ದಟ್ಟ ಅಂಗಾಂಶವೂ ಬಿಳಿ, ಗಡ್ಡೆಯೂ ಬಿಳಿ, ಹಾಗಾಗಿ ಗಡ್ಡೆ ಮರೆಯಾಗಬಹುದು.

ಜಪಾನ್‌ನಲ್ಲಿ 40ರಿಂದ 49 ವರ್ಷದ ಸುಮಾರು 73,000 ಮಹಿಳೆಯರ ಮೇಲೆ ದೊಡ್ಡ ಪ್ರಯೋಗ ನಡೆಯಿತು, 2016ರಲ್ಲಿ ಫಲಿತಾಂಶ ಬಂತು. ಮ್ಯಾಮೊಗ್ರಾಮ್ ಒಂದೇ ಮಾಡಿದಾಗ ಇದ್ದ ಕ್ಯಾನ್ಸರ್‌ಗಳಲ್ಲಿ ಶೇ. 77 ಸಿಕ್ಕವು, ಜೊತೆಗೆ ಅಲ್ಟ್ರಾಸೌಂಡ್ ಸೇರಿಸಿದಾಗ ಶೇ. 91. ಆದರೆ ಕ್ಯಾನ್ಸರ್ ಇಲ್ಲದವರನ್ನೂ ಅನುಮಾನದ ಮೇಲೆ ಮತ್ತೆ ಕರೆಸುವುದು ಜಾಸ್ತಿ ಆಯಿತು. ಆದ್ದರಿಂದ ಮ್ಯಾಮೊಗ್ರಾಮ್ ರಿಪೋರ್ಟ್ ಕೈಗೆ ಬಂದಾಗ ಒಂದು ಪ್ರಶ್ನೆ ತಪ್ಪದೆ ಕೇಳಿ: "ಡಾಕ್ಟ್ರೇ, ನನ್ನದು ದಟ್ಟ ಸ್ತನವಾ? ಅಲ್ಟ್ರಾಸೌಂಡ್ ಬೇಕಾ?" ಯಾವ ಇಮ್ಯುನಿಟಿ ಜೀನ್ ಟೆಸ್ಟಿಗಿಂತಲೂ ಈ ಪ್ರಶ್ನೆಯ ಉಪಯೋಗ ಹೆಚ್ಚು.

ಗಂಟು, ತೊಟ್ಟಿನಿಂದ ರಕ್ತ, ಚರ್ಮ ಒಳಗೆ ಎಳೆದಂತೆ ಕಾಣುವುದು, ಕಂಕುಳಲ್ಲಿ ಗಡ್ಡೆ, ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ. ಜೀನ್ ರಿಪೋರ್ಟ್ ಚೆನ್ನಾಗಿದೆ, ಮನೆಯಲ್ಲಿ ಯಾರಿಗೂ ಇಲ್ಲ, ನೋವಿಲ್ಲ ಅಂತೆಲ್ಲ ಸಮಾಧಾನ ಮಾಡಿಕೊಳ್ಳಬೇಡಿ. ಸ್ತನ ಕ್ಯಾನ್ಸರ್ ಬಂದವರಲ್ಲಿ ಅನುವಂಶಿಕ ಅಂತ ಗುರುತಿಸುವುದು ಶೇ. 5ರಿಂದ 10 ಮಾತ್ರ.

ಈಗಾಗಲೇ ಕಾಯಿಲೆ ಇದ್ದವರಿಗೆ ಪ್ರಶ್ನೆ ಬೇರೆ. ಹಾರ್ಮೋನ್ ರಿಸೆಪ್ಟರ್ (ಗಡ್ಡೆ ಹಾರ್ಮೋನ್‌ಗೆ ಸ್ಪಂದಿಸುತ್ತದಾ ಅನ್ನುವುದು) ಮತ್ತು ಹರ್2 ರಿಪೋರ್ಟ್ ಏನು, ಬಿಆರ್‌ಸಿಎ ನೋಡಬೇಕಾ, ಟ್ರಿಪಲ್ ನೆಗೆಟಿವ್ ಆದರೆ ಪೆಂಬ್ರೊಲಿಝುಮ್ಯಾಬ್‌ನಂಥ ಇಮ್ಯುನೊಥೆರಪಿ (ನಮ್ಮ ರೋಗನಿರೋಧಕ ವ್ಯವಸ್ಥೆಯಿಂದಲೇ ಕ್ಯಾನ್ಸರ್ ಮೇಲೆ ದಾಳಿ ಮಾಡಿಸುವ ಔಷಧ) ನನಗೆ ಹೊಂದುತ್ತದಾ ಅಂತ ಕೇಳಿ. ರೋಗನಿರೋಧಕ ವ್ಯವಸ್ಥೆಯ ಮೇಲಿನ ಸಂಶೋಧನೆ ಈಗಾಗಲೇ ರೋಗಿಗಳ ಕೈಗೆ ತಲುಪಿರುವುದು ಇಲ್ಲಿ.

ರಿಪೋರ್ಟಿನಲ್ಲಿ 'ಅರ್ಥ ಖಚಿತವಿಲ್ಲದ ಬದಲಾವಣೆ' ಅಂತ ಬಂದರೆ

ವೈದ್ಯರು ಇದನ್ನು ವಿಯುಎಸ್ ಅನ್ನುತ್ತಾರೆ. ಜೀನ್‌ನಲ್ಲಿ ಒಂದು ಬದಲಾವಣೆ ಇದೆ, ಅದು ಹಾನಿಕರವೋ ಅಲ್ಲವೋ ಅಂತ ಹೇಳುವಷ್ಟು ಮಾಹಿತಿ ಸೇರಿಲ್ಲ ಅಂತ ಅರ್ಥ. ನಾನು ಮೊದಲು ಹೇಳಿದ ಪೆಟ್ಟು ಇದೇ: ನಮ್ಮಂಥವರ ಡಿಎನ್‌ಎ ಮಾಹಿತಿ ಕಡಿಮೆ ಇರುವುದರಿಂದ ಏಷ್ಯಾದ ಮಹಿಳೆಯರಿಗೆ ಇಂಥ ಉತ್ತರ ಹೆಚ್ಚಾಗಿ ಬರುತ್ತದೆ. ಇದನ್ನು ನಂಬಿ ಯಾವ ಆಪರೇಷನ್ನೂ ಮಾಡಿಸಿಕೊಳ್ಳಬೇಡಿ, ಇದೊಂದರ ಆಧಾರದ ಮೇಲೆ ಅಂಥ ನಿರ್ಧಾರ ಮಾಡಬಾರದು ಅನ್ನುವುದೇ ವೈದ್ಯಕೀಯ ನಿಯಮ. ತಪಾಸಣೆ ಎಷ್ಟು ದಿನಕ್ಕೊಮ್ಮೆ ಅನ್ನುವುದನ್ನು ನಿಮ್ಮ ಮನೆತನದ ಚರಿತ್ರೆ ನೋಡಿ ಗೊತ್ತು ಮಾಡುತ್ತಾರೆ. ರಿಪೋರ್ಟನ್ನು ಎಸೆಯದೆ ಇಟ್ಟುಕೊಳ್ಳಿ, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಅದೇ ಲ್ಯಾಬ್ ಅಥವಾ ಕೌನ್ಸೆಲರ್‌ಗೆ ಫೋನ್ ಮಾಡಿ ವರ್ಗ ಬದಲಾಗಿದೆಯಾ ಅಂತ ವಿಚಾರಿಸಿ. ಇಂಥ ಬದಲಾವಣೆಗಳಲ್ಲಿ ಬಹುಪಾಲು ಕೊನೆಗೆ ಹಾನಿ ಇಲ್ಲದವು ಅಂತಲೇ ಗೊತ್ತಾಗುತ್ತವೆ.