ಮಗುವಿನ ಕೈಗೆ ಮೊದಲ ಏರ್ ರೈಫಲ್: ಪರೀಕ್ಷಿಸುವುದು ಹೇಗೆ?

ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಮೊದಲ ಏರ್ ರೈಫಲ್ ಆರಿಸುವಾಗ ಹೆಚ್ಚಿನ ದೊಡ್ಡವರು ಮಾಡುವುದು ಒಂದೇ ಕೆಲಸ: ರೈಫಲನ್ನು ತಾವೇ ಹೆಗಲಿಗೆ ಒತ್ತಿಕೊಂಡು, ನಾಲ್ಕಾರು ಪೆಲೆಟ್ (ಸೀಸದ ಪುಟ್ಟ ಗುಂಡು) ಹಾರಿಸಿ, ಹಿಡಿತ ಚೆನ್ನಾಗಿದೆ, ಏಟೂ ಜೋರಾಗಿದೆ ಎಂದು ತೃಪ್ತರಾಗಿ ಅದನ್ನು ಮಗುವಿನ ಕೈಗಿಡುತ್ತಾರೆ. ಆದರೆ ಅದನ್ನು ದಿನವೂ ಎತ್ತಿ ಹಿಡಿಯಬೇಕಾದದ್ದು ಮೂವತ್ತೈದು ಕಿಲೋ ತೂಗುವ ಮಗು. ಆರಂಭದ ಐದು ಹೊಡೆತಗಳನ್ನು ಉತ್ಸಾಹದ ಬಲದಿಂದ ಯಾವ ರೈಫಲ್‌ನಿಂದಲಾದರೂ ಹೊಡೆದುಬಿಡಬಹುದು. ನಲವತ್ತನೆಯ ಹೊಡೆತದ ಹೊತ್ತಿಗೂ ತೋಳು, ಮಣಿಕಟ್ಟು, ಗಮನ ಮೂರೂ ಸೋಲದೆ ಉಳಿದಿದ್ದರೆ ಆ ರೈಫಲ್ ಆ ಮಗುವಿಗೆ ಒಗ್ಗಿತು ಎಂದರ್ಥ. ಮುಂದೆ ಹೇಳುವ ಪರೀಕ್ಷೆಗಳೆಲ್ಲ ಈ ಒಂದು ಅಳತೆಗೋಲನ್ನು ಹಿಡಿದು ಮಾಡುವಂಥವು.

ಶುರು ಮಾಡುವ ಮೊದಲು ಒಂದು ಮಾತು. ಏರ್ ರೈಫಲ್ ಆಟಿಕೆಯಲ್ಲ. ತೀರಾ ಕಡಿಮೆ ಶಕ್ತಿಯದು ಕೂಡ ಕಣ್ಣನ್ನು ಶಾಶ್ವತವಾಗಿ ಕಳೆಯಬಲ್ಲದು. ಅದನ್ನು ಯಾವ ವಯಸ್ಸಿನವರು ಬಳಸಬಹುದು, ಎಷ್ಟು ಶಕ್ತಿಯವರೆಗೆ ಪರವಾನಗಿ ಬೇಡ ಎಂಬ ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗಿರುವುದರಿಂದ ಅದನ್ನು ಮೊದಲು ತಿಳಿದುಕೊಳ್ಳಬೇಕು. ಇಲ್ಲಿ ಹೇಳುವ ಪ್ರತಿಯೊಂದು ಪರೀಕ್ಷೆಯ ಹೊತ್ತಿನಲ್ಲಿಯೂ ವಿಷಯ ಬಲ್ಲ ಹಿರಿಯರೊಬ್ಬರು ಮಗುವಿನ ಪಕ್ಕದಲ್ಲೇ ಇರಬೇಕು, ಹೊಡೆಯುವವರೂ ನೋಡುವವರೂ ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿರಬೇಕು.

ಮೊದಲ ಹೆಜ್ಜೆ: ಖಾಲಿ ರೈಫಲ್‌ನ ತಪಾಸಣೆ

ರೈಫಲ್ ಕೈಗೆ ಬಂದ ಕೂಡಲೇ, ಮಾರುವವರು ಖಾಲಿ ಎಂದಿದ್ದರೂ, ಮೂತಿಯನ್ನು ಯಾರೂ ಇಲ್ಲದ ದಿಕ್ಕಿಗೆ ತಿರುಗಿಸಿ, ಬೆರಳನ್ನು ಟ್ರಿಗರ್‌ನಿಂದ ಹೊರಗಿಟ್ಟು, ಪೆಲೆಟ್ ಕೂರುವ ಜಾಗವನ್ನು ತೆರೆದು ಕಣ್ಣಾರೆ ನೋಡಬೇಕು. ಮಗು ಇದನ್ನು ನೋಡುತ್ತಿರುವಾಗಲೇ ಮಾಡಿದರೆ ಪಾಠವೂ ಅಲ್ಲಿಯೇ ಆಗುತ್ತದೆ.

ಬಳಿಕ ಸೇಫ್ಟಿ ಗುಂಡಿಯನ್ನು ನೋಡಿ. ಕೆಲವು ರೈಫಲ್‌ಗಳಲ್ಲಿ ಸ್ಪ್ರಿಂಗ್ (ಪಿಸ್ಟನ್ನನ್ನು ನೂಕಿ, ಪೆಲೆಟ್ ಹಾರಿಸುವ ಗಾಳಿಯನ್ನು ಒತ್ತುವ ಸುರುಳಿ) ಬಿಗಿದೊಡನೆ ಸೇಫ್ಟಿ ತಾನಾಗಿಯೇ ಬೀಳುತ್ತದೆ, ಕೆಲವದರಲ್ಲಿ ನಾವೇ ಹಾಕಬೇಕು. ಯಾವುದಾದರೂ ಸರಿ, ಆದರೆ ಮಗು ಹಿಡಿತ ಬದಲಿಸದೆ ತನ್ನ ಬೆರಳಿನಿಂದಲೇ ಅದನ್ನು ಸರಿಸಲು ಆಗಬೇಕು. ಬ್ಯಾರೆಲನ್ನೇ ಕೆಳಕ್ಕೆ ಮಡಿಸಿ ಸ್ಪ್ರಿಂಗ್ ಬಿಗಿಯುವ ಮಾದರಿಯಾದರೆ ಇನ್ನೊಂದು ವಿಚಾರ ಕೇಳಲೇಬೇಕು: ಬ್ಯಾರೆಲ್ ತೆರೆದಿರುವಾಗ ಟ್ರಿಗರ್ ಅದುಮಿದರೂ ಸ್ಪ್ರಿಂಗ್ ಬಿಡುಗಡೆಯಾಗದಂತೆ ತಡೆಯುವ ಒಳಬೀಗ ಇದೆಯೇ? ಅದು ಇಲ್ಲದ ರೈಫಲ್‌ನಲ್ಲಿ ಪೆಲೆಟ್ ತುಂಬುವಾಗ ಟ್ರಿಗರ್‌ಗೆ ಕೈ ತಾಗಿದರೆ ಬ್ಯಾರೆಲ್ ರಪ್ಪನೆ ಮೇಲಕ್ಕೆ ಬಡಿದು ಬೆರಳು ನಜ್ಜುಗುಜ್ಜಾಗುತ್ತದೆ. ಈ ಬೀಗ ಇದೆಯೇ ಎಂಬುದನ್ನು ಕೈಪಿಡಿಯಲ್ಲಿ ನೋಡಿ ತಿಳಿಯಬೇಕೇ ಹೊರತು ಟ್ರಿಗರ್ ಎಳೆದು ಪ್ರಯೋಗ ಮಾಡಬಾರದು. ಬೀಗ ಇದ್ದರೂ ಪೆಲೆಟ್ ತುಂಬುವಷ್ಟು ಹೊತ್ತು ಒಂದು ಕೈ ಬ್ಯಾರೆಲನ್ನು ಬಿಗಿಯಾಗಿ ಹಿಡಿದೇ ಇರಬೇಕು.

ಎರಡನೆಯದು: ಮಗುವಿನ ಮೈಗೆ ಹೊಂದಿಸಿ ನೋಡುವುದು

ರೈಫಲ್‌ನ ಹಿಂಬದಿಯ ಭಾಗವಾದ ಸ್ಟಾಕ್‌ನ ತುದಿಯಿಂದ ಟ್ರಿಗರ್‌ವರೆಗಿನ ಉದ್ದ ಎಲ್ಲಕ್ಕಿಂತ ಮುಖ್ಯ. ದೊಡ್ಡವರ ರೈಫಲ್‌ಗಳಲ್ಲಿ ಇದು ಸುಮಾರು 34ರಿಂದ 36 ಸೆಂಟಿಮೀಟರ್ ಇರುತ್ತದೆ. ಚಿಕ್ಕ ಮಕ್ಕಳಿಗೆ 30ರ ಆಸುಪಾಸು ಸಾಕು. ಟೇಪು ಹುಡುಕುವ ಅಗತ್ಯವಿಲ್ಲ. ಮಗು ಮೊಣಕೈಯನ್ನು ಮಡಿಸಿ, ಸ್ಟಾಕ್‌ನ ತುದಿಯನ್ನು ಆ ಮಡಿಕೆಗೆ ತಾಗಿಸಿ, ತೋರುಬೆರಳನ್ನು ಮುಂದಕ್ಕೆ ಚಾಚಲಿ. ಬೆರಳಿನ ಮೊದಲ ಗೆಣ್ಣಿನ ಮುಂದಿನ ಮೆತ್ತನೆಯ ಭಾಗ ಟ್ರಿಗರ್ ಮೇಲೆ ಸಲೀಸಾಗಿ ಕೂತರೆ ಉದ್ದ ಸರಿಯಿದೆ. ಬೆರಳು ತಲುಪಲಿಕ್ಕೆ ಒದ್ದಾಡಿದರೆ ಆ ಮಗು ರೈಫಲ್ ಹಿಡಿದಾಗ ಸೊಂಟದಿಂದ ಹಿಂದಕ್ಕೆ ಬಾಗಿ, ಕತ್ತನ್ನು ಮುಂದಕ್ಕೆ ಚಾಚುತ್ತದೆ. ಈ ಭಂಗಿ ಒಮ್ಮೆ ಅಂಟಿಕೊಂಡರೆ ಬಿಡಿಸಲು ಕೋಚ್‌ಗಳು ಪಡುವ ಪಾಡು ಅಷ್ಟಿಷ್ಟಲ್ಲ. ‘ಬೆಳೆಯುವ ಮಗು, ಎರಡು ವರ್ಷ ಬರಲಿ’ ಎಂದು ದೊಡ್ಡ ಅಳತೆಯ ಅಂಗಿ ತರುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೇಕಾದರೆ ಬಿಲ್ಲೆಗಳನ್ನು ಸೇರಿಸಿ ಉದ್ದ ಹೆಚ್ಚಿಸಬಹುದಾದ ಸ್ಟಾಕ್ ಇರುವುದನ್ನು ಹುಡುಕಬೇಕು.

ತೂಕದ ವಿಷಯದಲ್ಲಿ ಹಗುರವಾದದ್ದೇ ಒಳ್ಳೆಯದು ಎನ್ನುವುದು ಅರ್ಧ ಸತ್ಯ. ಸ್ಪರ್ಧೆಯ ರೈಫಲ್‌ಗಳಿಗೆ 5.5 ಕಿಲೋ ಗರಿಷ್ಠ ಮಿತಿ, ಏಕೆಂದರೆ ತೂಕ ಹೆಚ್ಚಿದಷ್ಟೂ ನಡುಕ ಕಡಿಮೆ. ಮಗುವಿಗೆ ಎರಡರಿಂದ ಎರಡೂವರೆ ಕಿಲೋದ್ದು ಸಾಮಾನ್ಯವಾಗಿ ಹೊಂದುತ್ತದೆ. ಆದರೆ ಆ ತೂಕವೆಲ್ಲ ಮೂತಿಯ ಕಡೆಗೇ ಇದ್ದರೆ ಎರಡು ಕಿಲೋ ಕೂಡ ಮೂರರಷ್ಟು ಭಾರವೆನಿಸುತ್ತದೆ. ಮಗು ಗುರಿ ಹಿಡಿದು ನಿಂತು ನಿಧಾನವಾಗಿ ಇಪ್ಪತ್ತು ಎಣಿಸಲಿ. ಮೂತಿ ಕೆಳಗಿಳಿಯುತ್ತಾ ಹೋದರೆ, ಭುಜ ಕಿವಿಯ ಕಡೆಗೆ ಏರುತ್ತಾ ಹೋದರೆ, ಅದನ್ನು ಕೆಳಗಿಡಿ.

ಇದೇ ಹೊತ್ತಿನಲ್ಲಿ ಯಾವ ಕಣ್ಣು ಪ್ರಬಲ ಎಂದೂ ನೋಡಿಬಿಡಬಹುದು. ಮಗು ಎರಡೂ ಕೈ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಅದರ ಮೂಲಕ ದೂರದ ವಸ್ತುವೊಂದನ್ನು ಎರಡೂ ಕಣ್ಣು ತೆರೆದು ನೋಡುತ್ತಾ ಕೈಗಳನ್ನು ಮುಖದ ಬಳಿಗೆ ತರಲಿ. ಕಿಂಡಿ ಯಾವ ಕಣ್ಣಿನ ಮುಂದೆ ಬಂದು ನಿಲ್ಲುತ್ತದೆಯೋ ಅದು ಪ್ರಬಲ ಕಣ್ಣು. ಬಲಗೈ ಮಗುವಿಗೆ ಎಡಗಣ್ಣು ಪ್ರಬಲವಾಗಿದ್ದರೆ, ಕೊಳ್ಳುವ ಮೊದಲೇ ಕೋಚ್ ಜೊತೆ ಮಾತಾಡಿ, ಎರಡೂ ಬದಿಗೆ ಹೊಂದುವ ಸ್ಟಾಕ್ ಬೇಕೇ ಎಂದು ತೀರ್ಮಾನಿಸುವುದು ಒಳ್ಳೆಯದು.

ಮೂರನೆಯದು: ಬಿಗಿಯುವ ಶ್ರಮ

ನನ್ನ ಅನುಭವದಲ್ಲಿ ಮಕ್ಕಳ ಕಲಿಕೆ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಹನ್ನೊಂದು ವರ್ಷದ ಹುಡುಗನೊಬ್ಬ ಸೆಕೆಂಡಿಗೆ 1000 ಅಡಿ ವೇಗದ ಹೆಗ್ಗಳಿಕೆ ಹೊತ್ತ ಸ್ಪ್ರಿಂಗ್ ರೈಫಲ್ ಹಿಡಿದು ಬಂದಿದ್ದ. ಸ್ಟಾಕನ್ನು ತೊಡೆಗೆ ಒತ್ತಿಕೊಂಡು, ಎರಡೂ ಕೈಯಲ್ಲಿ ಬ್ಯಾರೆಲ್ ಎಳೆದು, ಮುಖ ಕೆಂಪಗೆ ಮಾಡಿಕೊಂಡು ಹತ್ತು ಹೊಡೆತ ಮುಗಿಸಿದ. ಆಮೇಲೆ ಅವನ ತಂದೆಯೇ ಬಿಗಿದುಕೊಡತೊಡಗಿದರು. ಇಪ್ಪತ್ತನೆಯದಕ್ಕೆ ಹುಡುಗ ನನ್ನ ಕಡೆ ತಿರುಗಿ, ‘ಇನ್ನೆಷ್ಟಿದೆ ಸರ್?’ ಎಂದ. ಆಟವನ್ನು ಇಷ್ಟಪಟ್ಟು ಬಂದ ಮಗು ಆ ಪ್ರಶ್ನೆ ಕೇಳಿದರೆ ತಪ್ಪು ಅದರದ್ದಲ್ಲ.

ಬಿಗಿಯುವ ಶ್ರಮವನ್ನು ಅಳೆಯಲು ಮನೆಯಲ್ಲಿ ಮೈತೂಕ ನೋಡುವ ಯಂತ್ರವೇ ಸಾಕು. ಖಾಲಿ ಎಂದು ಖಚಿತವಾದ ರೈಫಲ್‌ನ ಬ್ಯಾರೆಲನ್ನು ಸ್ವಲ್ಪ ಮಡಿಸಿ, ಯಂತ್ರದ ಮೇಲೆ ಹಳೆಯ ಬಟ್ಟೆ ಹಾಸಿ, ಮೂತಿಯನ್ನು ಅದರ ಮೇಲಿಟ್ಟು ಸ್ಟಾಕನ್ನು ಹಿಡಿದು ಕೆಳಕ್ಕೆ ಒತ್ತುತ್ತಾ ಹೋದರೆ ಸ್ಪ್ರಿಂಗ್ ಬಿಗಿಯುವ ಹೊತ್ತಿಗೆ ಮುಳ್ಳು ತಲುಪುವ ಗರಿಷ್ಠ ಅಂಕಿಯೇ ಆ ಶ್ರಮ. ಇದು ದೊಡ್ಡವರು ಮಾಡುವ ಕೆಲಸ. ಬಿಗಿದ ರೈಫಲನ್ನು ಹಾಗೆಯೇ ಬಿಡದೆ, ಪೆಲೆಟ್ ಹಾಕಿ ಸುರಕ್ಷಿತ ತಡೆಪೆಟ್ಟಿಗೆಗೆ ಹೊಡೆದು ಖಾಲಿ ಮಾಡಬೇಕು. ಪೆಲೆಟ್ ಇಲ್ಲದೆ ಸ್ಪ್ರಿಂಗ್ ರೈಫಲ್ ಹಾರಿಸಿದರೆ ಪಿಸ್ಟನ್‌ಗೆ ಗಾಳಿಯ ಮೆತ್ತೆ ಸಿಗದೆ ಅದು ನೇರವಾಗಿ ಲೋಹಕ್ಕೆ ಬಡಿದು ಹಾಳಾಗುತ್ತದೆ. ಮಗುವಿನ ತೂಕದ ಕಾಲುಭಾಗವನ್ನು ಈ ಅಂಕಿ ಮೀರಬಾರದು ಎಂಬುದು ನಾನು ಪಾಲಿಸುವ ಲೆಕ್ಕ. ಮೂವತ್ತೈದು ಕಿಲೋ ಮಗುವಿಗೆ ಎಂಟು ಒಂಬತ್ತು ಕಿಲೋ ಸರಿ; ಜೋರು ರೈಫಲ್‌ಗಳಲ್ಲಿ ಇದು ಹದಿನೆಂಟು ಇಪ್ಪತ್ತನ್ನೂ ದಾಟುವುದುಂಟು.

ಶ್ರಮವೇ ಬೇಡವೆಂದರೆ ಬೇರೆ ಬಗೆಗಳಿವೆ. ಒಂದೇ ಸಲ ಸನ್ನೆ ಎಳೆದು ಗಾಳಿ ತುಂಬುವ ರೈಫಲ್‌ನಲ್ಲಿ ಒದೆತ ಇಲ್ಲವೆನ್ನುವಷ್ಟು ಕಡಿಮೆ. ಸನ್ನೆ ಮುಚ್ಚುವ ಕೊನೆಯ ಹಂತದಲ್ಲಿ ಮಾತ್ರ ಬಲ ಬೇಕು. ಇಂಗಾಲದ ಡೈಆಕ್ಸೈಡ್ ಬಳಸುವಂಥದ್ದರಲ್ಲಿ ಏನೂ ಬಿಗಿಯಬೇಕಿಲ್ಲ, ಆದರೆ ಆ ಅನಿಲದ ಒತ್ತಡ ಉಷ್ಣತೆಯನ್ನು ಅವಲಂಬಿಸಿರುವುದರಿಂದ ಚಳಿಯಲ್ಲಿ ಪೆಲೆಟ್ ಕೆಳಕ್ಕೆ ಬೀಳತೊಡಗುತ್ತದೆ. ಒಲಿಂಪಿಕ್ಸ್‌ನಲ್ಲಿ ಇಂದು ಕಾಣುವ ರೈಫಲ್‌ಗಳು ಮೊದಲೇ ಸುಮಾರು 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿದ ಸಿಲಿಂಡರ್‌ನವು. ಮಕ್ಕಳ ಅಳತೆಯಲ್ಲೂ ಇವು ಸಿಗುತ್ತವೆ, ಮತ್ತು ಗಾಳಿ ತುಂಬಿಸುವ ವ್ಯವಸ್ಥೆ ಇರುವ ಕ್ಲಬ್ ಹತ್ತಿರವಿದ್ದರೆ ನಾನು ಎರಡು ಮಾತಿಲ್ಲದೆ ಇದನ್ನೇ ಆರಿಸುತ್ತೇನೆ. ಸಿಲಿಂಡರ್ ಮೇಲೆ ಬಳಕೆಯ ಅವಧಿ ಅಚ್ಚಾಗಿರುತ್ತದೆ. ಹಳೆಯ ರೈಫಲ್ ಕೊಳ್ಳುವವರು ಎಲ್ಲಕ್ಕಿಂತ ಮೊದಲು ಅದನ್ನು ಓದಬೇಕು. ಉಕ್ಕಿನ ಗುಂಡು ಹಾರಿಸುವ ಅಗ್ಗದ ರೈಫಲ್‌ಗಳನ್ನು ಈ ಪಟ್ಟಿಯಿಂದ ಬಿಟ್ಟಿದ್ದೇನೆ: ಆ ಗುಂಡು ಗಟ್ಟಿ ಮೇಲ್ಮೈಗೆ ತಾಗಿದರೆ ಹೊಡೆದವರ ಕಡೆಗೇ ಪುಟಿದು ಬರುತ್ತದೆ.

ನಾಲ್ಕನೆಯದು: ಪೆಟ್ಟಿಗೆಯ ಮೇಲಿನ ವೇಗ

ಇದಕ್ಕೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಪೆಟ್ಟಿಗೆಯ ಮೇಲೆ ಅಚ್ಚಾಗುವ ವೇಗವನ್ನು ಅನೇಕ ವೇಳೆ ಅತಿ ಹಗುರವಾದ ಪೆಲೆಟ್‌ನಿಂದ ಅಳೆದಿರುತ್ತಾರೆ. ಹತ್ತು ಮೀಟರ್ ದೂರದ ಕಾಗದಕ್ಕೆ ಅರ್ಧ ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೋದರೆ ಧಾರಾಳವಾಯಿತು. ಅದರ ಶಕ್ತಿ ಏಳು ಜೂಲ್‌ಗಿಂತ ತುಸು ಹೆಚ್ಚು. ಒಲಿಂಪಿಕ್ ಪದಕಗಳನ್ನು ಗೆಲ್ಲುವುದು ಹೆಚ್ಚುಕಡಿಮೆ ಇದೇ ವೇಗದಲ್ಲಿ.

ಐದನೆಯದು: ಟ್ರಿಗರ್ ಮತ್ತು ಸೈಟ್

ಒಳ್ಳೆಯ ಟ್ರಿಗರ್ ಎರಡು ಹಂತದ್ದು. ಮೊದಲು ಸ್ವಲ್ಪ ದೂರ ಸಡಿಲವಾಗಿ ಹಿಂದಕ್ಕೆ ಸರಿದು ಒಂದು ಕಡೆ ತಡೆದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಸಣ್ಣ ಒತ್ತಡಕ್ಕೆ ಕಡ್ಡಿ ಮುರಿದಂತೆ ಬಿಡುಗಡೆಯಾಗುತ್ತದೆ. ಆ ತಡೆಯೇ ಮಗುವಿಗೆ ‘ಇಲ್ಲಿಂದ ಮುಂದೆ ಹೊಡೆತ’ ಎಂದು ಬೆರಳಿಗೆ ತಿಳಿಸುವ ಗುರುತು. ಟ್ರಿಗರ್ ಮರಳಿನಲ್ಲಿ ಎಳೆದಂತೆ ಕರಕರ ಎಂದರೆ, ಅಥವಾ ಅದನ್ನು ಎಳೆಯುವ ಭರದಲ್ಲಿ ಮಗುವಿನ ಇಡೀ ಅಂಗೈ ಬಿಗಿಯಾಗುತ್ತಿದ್ದರೆ, ಗುರಿ ಎಷ್ಟೇ ಸರಿಯಿದ್ದರೂ ಕೊನೆಯ ಕ್ಷಣದಲ್ಲಿ ಮೂತಿ ಓರೆಯಾಗುತ್ತದೆ.

ಸೈಟ್, ಅಂದರೆ ಗುರಿ ನೋಡುವ ಸಾಧನದ ವಿಷಯದಲ್ಲಿ, ಹಿಂದೆ ಸಣ್ಣ ರಂಧ್ರ, ಮುಂದೆ ಉಂಗುರ ಇರುವ ಪೀಪ್ ಸೈಟ್ ಹೊಸಬರಿಗೆ ಬೇಗ ಅರ್ಥವಾಗುತ್ತದೆ: ಕಪ್ಪು ವೃತ್ತವನ್ನು ಉಂಗುರದ ನಡುವೆ ಕೂರಿಸಿದರೆ ಮುಗಿಯಿತು. ಸ್ಕೋಪ್ ಹಾಕುವ ಆಸೆಯನ್ನು ಆರಂಭದಲ್ಲಿ ತಡೆಯುವುದು ಮೇಲು. ಸ್ಕೋಪ್ ಮಗುವಿನ ಪ್ರತಿ ನಡುಕವನ್ನೂ ದೊಡ್ಡದು ಮಾಡಿ ತೋರಿಸಿ ಹೆದರಿಸುತ್ತದೆ. ಮೇಲಾಗಿ ಸ್ಪ್ರಿಂಗ್ ರೈಫಲ್ ಹಿಂದಕ್ಕೂ ಮುಂದಕ್ಕೂ ಒದೆಯುವುದರಿಂದ ಅಗ್ಗದ ಸ್ಕೋಪ್‌ಗಳು ಅದರ ಮೇಲೆ ಬಾಳುವುದಿಲ್ಲ.

ಆರನೆಯದು: ಕಾಗದದ ಸಾಕ್ಷಿ

ಹೊಸ ಸ್ಪ್ರಿಂಗ್ ರೈಫಲ್‌ನಿಂದ ಮೊದಲ ಕೆಲವು ಹತ್ತು ಹೊಡೆತಗಳಲ್ಲಿ ಎಣ್ಣೆ ಸುಟ್ಟ ವಾಸನೆ, ಹೊಗೆ ಬರುವುದು ಸಹಜ. ಅದು ಅಡಗುವವರೆಗೆ ನಿಖರತೆಯ ತೀರ್ಪು ಬೇಡ. ಬಳಿಕ ದೊಡ್ಡವರೊಬ್ಬರು ಮೇಜಿನ ಮುಂದೆ ಕೂತು, ರೈಫಲನ್ನು ಮೆತ್ತನೆಯ ಆಸರೆಯ ಮೇಲೆ ಸಡಿಲವಾಗಿ ಇಟ್ಟು, ಹತ್ತು ಮೀಟರ್ ದೂರದ ಕಾಗದಕ್ಕೆ ಒಂದೇ ಬಿಂದುವನ್ನು ಗುರಿಯಾಗಿಸಿ ಐದು ಪೆಲೆಟ್ ಹೊಡೆಯಬೇಕು. ಚಪ್ಪಟೆ ತಲೆಯ ಪೆಲೆಟ್ ಆದರೆ ಕಾಗದದಲ್ಲಿ ತೂತು ಕತ್ತರಿಸಿದಂತೆ ಗುಂಡಗೆ ಬೀಳುವುದರಿಂದ ಅಳೆಯುವುದು ಸುಲಭ. ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಪೆಲೆಟ್‌ನ ಅಗಲವಾದ 4.5 ಮಿಲಿಮೀಟರನ್ನು ಕಳೆದರೆ ಗುಂಪಿನ, ಅಂದರೆ ಆ ಐದು ತೂತುಗಳ ಹರವಿನ, ಅಳತೆ ಸಿಗುತ್ತದೆ.

ಈ ಅಂಕಿಗೆ ಅರ್ಥ ಬರುವುದು ಟಾರ್ಗೆಟ್‌ನ ಪಕ್ಕದಲ್ಲಿಟ್ಟಾಗ. 1984ರಿಂದ ಒಲಿಂಪಿಕ್ಸ್‌ನಲ್ಲಿರುವ ಹತ್ತು ಮೀಟರ್ ಸ್ಪರ್ಧೆಯ ಟಾರ್ಗೆಟ್‌ನಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಅಗಲ, ಒಂಬತ್ತರ ವೃತ್ತ 5.5, ಎಂಟರದ್ದು 10.5 ಮಿಲಿಮೀಟರ್. ಪೆಲೆಟ್‌ನ ಅಂಚು ಗೆರೆಗೆ ತಾಗಿದರೂ ಅಂಕ ಸಿಗುವುದರಿಂದ, ಗುಂಪು 10 ಮಿಲಿಮೀಟರ್ ಒಳಗಿದ್ದು ನಡುವೆ ಬಿದ್ದರೆ ಬಹುತೇಕ ಎಲ್ಲವೂ ಒಂಬತ್ತು ಅಥವಾ ಹತ್ತು. ಕಲಿಕೆಯ ರೈಫಲ್‌ನಿಂದ ಇಷ್ಟು ಸಿಕ್ಕರೆ ಅದು ಮಗುವಿಗಿಂತ ಬಹಳ ಮುಂದಿದೆ. 15ರವರೆಗೆ ನಾನು ಒಪ್ಪುತ್ತೇನೆ. ಅದಕ್ಕಿಂತ ಹರಡಿಕೊಂಡರೆ ತಿರಸ್ಕರಿಸುವ ಮೊದಲು ಬೇರೆ ಎರಡು ಮೂರು ಬಗೆಯ ಪೆಲೆಟ್ ಹಾಕಿ ನೋಡಿ. ಒಂದೇ ರೈಫಲ್ ಒಂದು ಡಬ್ಬಿಯ ಪೆಲೆಟ್‌ಗೆ ಮುನಿದು ಇನ್ನೊಂದಕ್ಕೆ ಒಲಿಯುವುದು ದಿನನಿತ್ಯದ ಸಂಗತಿ. ಮಡಿಸುವ ಬ್ಯಾರೆಲ್ ಆದರೆ ಅದನ್ನು ಮುಚ್ಚಿದ ಮೇಲೆ ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ನೋಡಿ, ಆಟ ಇರಕೂಡದು. ಸಂದಿನ ಮೇಲೆ ತೆಳು ಕಾಗದದ ಚೂರೊಂದನ್ನು ಇಟ್ಟು ಹೊಡೆದಾಗ ಅದು ಹಾರಿಬಿದ್ದರೆ ಗಾಳಿ ಸೋರುತ್ತಿದೆ, ಸೀಲ್ ಬದಲಿಸಬೇಕು.

ಪೆಲೆಟ್‌ಗಳು ಸೀಸದವು. ಅವನ್ನು ಬಾಯಲ್ಲಿ ಕಚ್ಚಿಕೊಳ್ಳುವ ಅಭ್ಯಾಸವನ್ನು ಮೊದಲ ದಿನವೇ ತಪ್ಪಿಸಿ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಸಬೇಕು.

ಕೊನೆಯದು: ನಲವತ್ತು ಹೊಡೆತ

ಈಗ ರೈಫಲ್ ಮಗುವಿನದು. ಹತ್ತು ಹತ್ತು ಹೊಡೆತಗಳಿಗೆ ಒಂದೊಂದು ಕಾಗದದಂತೆ ನಾಲ್ಕು ಕಾಗದ ಹಾಕಿ, ನಡುವೆ ಬೇಕಾದಷ್ಟು ವಿಶ್ರಾಂತಿ ಕೊಟ್ಟು, ಬಿಗಿಯುವುದು, ತುಂಬುವುದು, ಹೊಡೆಯುವುದು ಎಲ್ಲವನ್ನೂ ಮಗುವೇ ಮಾಡಲಿ. ಅಂಕ ಕೂಡಿಸಬೇಡಿ, ಮೊದಲ ಕಾಗದದ ಹರವನ್ನು ನಾಲ್ಕನೆಯದರ ಹರವಿನೊಂದಿಗೆ ಹೋಲಿಸಿ. ಎರಡೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ರೈಫಲ್ ಒಗ್ಗಿದೆ. ನಾಲ್ಕನೆಯದು ಎರಡರಷ್ಟು ಹರಡಿ, ಅದರಲ್ಲೂ ತೂತುಗಳು ಕೆಳಕ್ಕೆ ಇಳಿಯುತ್ತಾ ಹೋಗಿದ್ದರೆ, ತೂಕವೋ ಬಿಗಿಯುವ ಶ್ರಮವೋ ಹೆಚ್ಚಾಗಿದೆ. ಮಗು ‘ಇನ್ನೆಷ್ಟಿದೆ’ ಎಂದು ಎಷ್ಟನೆಯ ಹೊಡೆತಕ್ಕೆ ಕೇಳಿತು ಎಂಬುದನ್ನೂ ಕಾಗದದ ಮೂಲೆಯಲ್ಲಿ ಬರೆದಿಡಿ.

ಆ ನಾಲ್ಕು ಕಾಗದಗಳ ಹಿಂದೆ ದಿನಾಂಕ ಮತ್ತು ಪೆಲೆಟ್‌ನ ಹೆಸರು ಗುರುತು ಹಾಕಿ ರೈಫಲ್‌ನ ಚೀಲದಲ್ಲೇ ಇಟ್ಟಿರಿ. ಎರಡು ತಿಂಗಳ ಮೇಲೆ ಒಂದು ದಿನ ಗುಂಪು ಇದ್ದಕ್ಕಿದ್ದಂತೆ ಚದುರಿದರೆ, ಮಗುವನ್ನು ಗದರುವ ಮೊದಲು ಈ ಕಾಗದ ತೆಗೆದು ಹೋಲಿಸಿ, ಸ್ಟಾಕ್‌ನ ಸ್ಕ್ರೂಗಳನ್ನು ಬಿಗಿ ಮಾಡಿ ಇನ್ನೊಮ್ಮೆ ಹೊಡೆಸಿ ನೋಡಿ. ಸ್ಪ್ರಿಂಗ್ ರೈಫಲ್‌ನಲ್ಲಿ ಹತ್ತಕ್ಕೆ ಏಳು ಸಲ ನನಗೆ ಸಿಕ್ಕ ಕಾರಣ ಆ ಸಡಿಲ ಸ್ಕ್ರೂಗಳೇ.